ಎರಡು ಅಂತ ಬರ್ಕೊ ತಮ್ಮಾ

ಎರಡು ಕೊಡ ನೀರು ಹೊತ್ತು ನಾಲ್ಕನೇ ಮಹಡಿಗೆ ಹನ್ನೊಂದನೇ ಸಲ ಹತ್ತಿ ಬಂದ ಶಾವಂತ್ರವ್ವನನ್ನು ನಾನು ಕೇಳಿದೆ, “ಎಷ್ಟು ಯವ್ವಾ?”

ಒಂದರಿಂದ ಇಪ್ಪತ್ತರೊಳಗೆ ಒಂದು ಅಂಕಿ ಹೇಳಬೇಕಿತ್ತು. ಒಂದು ಅಂದರೆ ದಣಿವೇ ಇಲ್ಲ, ಇಪ್ಪತ್ತು ಅಂದರೆ ಇನ್ನೊಂದು ಮೆಟ್ಟಿಲೂ ಆಗದು. ಅವಳು ಸೆರಗಿನಿಂದ ಕತ್ತು ಒರೆಸಿಕೊಂಡಳು.

“ಎರಡು ಅಂತ ಬರ್ಕೊ ತಮ್ಮಾ.”

ಬರೆದುಕೊಂಡೆ. ಅವಳ ಮೂಗಿನ ಹೊಳ್ಳೆಗಳು ಅಗಲವಾಗಿ ಏರಿಳಿಯುತ್ತಿದ್ದವು, ಮೀನಖಂಡ ತನ್ನಷ್ಟಕ್ಕೆ ಅದುರುತ್ತಿತ್ತು. ಇನ್ನೊಮ್ಮೆ ಕೇಳಬೇಕು ಅನಿಸಿತು. ಆದರೆ ಪಕ್ಕದಲ್ಲಿ ಡಾಕ್ಟರ್ ಕುಮುದಿನಿ ಹೊಂಬಳ ನಿಂತಿದ್ದರು. ಈ ಅಂಕಿಗಳು ಯಾವ ಯಂತ್ರಕ್ಕೆ ಬೇಕಿದ್ದವೋ ಅದನ್ನು ಯೋಚಿಸಿ ಕಟ್ಟಿಸಿದವರೇ ಅವರು. ನಾನೋ, ಹಗಲು ಮೀಟರ್ ರಿಪೇರಿ ಮಾಡುತ್ತ, ಸಂಜೆ ಕಾಲೇಜಿನಲ್ಲಿ ಡಿಪ್ಲೊಮಾ ಮುಗಿಸಿ ಅವರ ಪ್ರಯೋಗಾಲಯಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಕೇಳಲಿಲ್ಲ.

ಅವಳಿಗಿಂತ ಮೊದಲು ಹತ್ತಿದ್ದ ನಿವೃತ್ತ ಹೆಡ್‌ಮಾಸ್ತರರು ಒಂದೇ ಕೊಡ ಹೊತ್ತು, ಎರಡನೇ ಮಹಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದರು. “ಹದಿನೇಳು. ಬೇಕಾದ್ರ ಹದಿನೆಂಟು ಹಾಕ್ಕೊಳ್ರಿ, ನನ್ನ ಗಂಟೇನೂ ಹೋಗೂದಿಲ್ಲ” ಅಂದಿದ್ದರು. ಅಲ್ಲಿದ್ದವರೆಲ್ಲ ನಕ್ಕಿದ್ದೆವು.

ಹುಬ್ಬಳ್ಳಿಯ ಆ ಪ್ರಯೋಗಾಲಯದ ಯಂತ್ರಕ್ಕೆ ‘ಹೆಗಲು’ ಅಂತ ಹೆಸರಿಟ್ಟಿದ್ದೆವು. ದಣಿವು ಕಾಲಿನಲ್ಲಿ ಹುಟ್ಟಿದರೂ ತೀರ್ಪು ಕೊಡುವುದು ಮೆದುಳು. ಮೈಯಲ್ಲಿ ಇನ್ನೂ ಮೂರರಲ್ಲೊಂದು ಪಾಲು ಶಕ್ತಿ ಉಳಿದಿರುವಾಗಲೇ ಅದು ಹೆದರಿ ‘ಸಾಕು’ ಅನ್ನುತ್ತದೆ. ಆ ಹೆದರಿಕೆಯನ್ನು ಓಡುವವನಿಂದ ತೆಗೆದು, ಮನೆಯಲ್ಲಿ ಮಲಗಿರುವ ಇನ್ನೊಬ್ಬರ ಮೆದುಳಿಗೆ ಕೊಟ್ಟರೆ ಏನಾದೀತು? ವಿಶ್ರಾಂತಿಯಲ್ಲಿರುವ ಮೆದುಳು ಅದನ್ನು ತಣ್ಣಗೆ ತೂಗಿ ನೋಡಿ, ‘ಇನ್ನೂ ಆದೀತು’ ಅಂತಲೋ ‘ಈಗ ಸಾಕು’ ಅಂತಲೋ ಉತ್ತರ ಕಳಿಸುತ್ತದೆ. ಓಡುವವನ ಕಾಲು ಆ ಉತ್ತರವನ್ನು ಪಾಲಿಸುತ್ತದೆ. ಕಂಪ್ಯೂಟರ್ ಕೊಟ್ಟ ಉತ್ತರವನ್ನು ಯಾವ ಓಟಗಾರನ ಮೆದುಳೂ ಒಪ್ಪಿರಲಿಲ್ಲ. ರಕ್ತಸಂಬಂಧಿಗಳದನ್ನು ಒಪ್ಪಿತು. ಇಬ್ಬರ ಕಿವಿಯ ಹಿಂದೆಯೂ ಅಂಗಿಯ ಗುಂಡಿಯಷ್ಟು ಒಂದೊಂದು ಬಿಲ್ಲೆ, ನಡುವೆ ಉಪಗ್ರಹ. ಮಹಡಿ ಹತ್ತಿಸಿ ಕೇಳಿದ ಅಂಕಿಗಳಿಂದ ಯಂತ್ರ ಮನೆಯವರ ಅಳತೆಗೋಲನ್ನು ಕಲಿಯುತ್ತಿತ್ತು.

ಒಂದು ಎಚ್ಚರಿಕೆ ಇತ್ತು. ಓಟದ ನಡುವೆ ಬಿಲ್ಲೆ ಕೀಳಬಾರದು. ಮೊದಲ ವರ್ಷ ಓಡುತ್ತಿದ್ದ ಕುದುರೆಯೊಂದರ ಬಿಲ್ಲೆ ಕಳಚಿ ಬಿದ್ದು, ತಡೆದಿಟ್ಟ ದಣಿವೆಲ್ಲ ಒಮ್ಮೆಲೇ ಬಂದು, ಅದು ಎರಡು ಹೆಜ್ಜೆಯೊಳಗೆ ಸತ್ತಿತ್ತು. ಮನೆಯಲ್ಲಿದ್ದವರ ಮೆದುಳು ಮೊದಲು ದಣಿವನ್ನು ಒಪ್ಪಿಕೊಳ್ಳಬೇಕು, ಓಡುವವನು ನಿಧಾನಕ್ಕೆ ನಿಲ್ಲಬೇಕು. ಬಿಲ್ಲೆ ತೆಗೆಯುವುದು ಆಮೇಲೆ.

ಶಾವಂತ್ರವ್ವನ ಮಗ ಫಕ್ಕೀರೇಶ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಚೀಲ ಹೊರುವ ಹಮಾಲ. ಇಪ್ಪತ್ತೊಂಬತ್ತು ವರ್ಷ. ಬೆಳಿಗ್ಗೆ ಹಾವೇರಿಗೆ ಓಡಿ ಹೋಗಿ ಬಂದು ಆಮೇಲೆ ಚೀಲಕ್ಕೆ ಹೆಗಲು ಕೊಡುತ್ತಿದ್ದವನು. ಅರಬ್ಬರ ನಾಡಿನ ಮರಳುಗಾಡನ್ನು ಈ ತುದಿಯಿಂದ ಆ ತುದಿಗೆ, ಆರುನೂರ ನಲವತ್ತು ಕಿಲೋಮೀಟರ್, ಓಡಿ ದಾಟುವುದಕ್ಕೆ ನಾವು ಆರಿಸಿದ ಹನ್ನೊಂದು ಜನರಲ್ಲಿ ಅವನೇ ಗಟ್ಟಿ. ತಾಯಿ ಅದೇ ಪೇಟೆಯಲ್ಲಿ ಮೂವತ್ತೆಂಟು ವರ್ಷಗಳಿಂದ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದವಳು. ನಮ್ಮ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಡಾಕ್ಟರು ‘ಅತ್ಯುತ್ತಮ’ ಎಂದು ಬರೆದಿದ್ದರು.

ಬಿಲ್ಲೆ ಅಂಟಿಸಲು ಅವರ ಮನೆಗೆ ಹೋದ ದಿನ ಫಕ್ಕೀರೇಶನ ಹೆಂಡತಿ ಕಸ್ತೂರಿ ಚಹಾ ಕೊಡುತ್ತ ಕೇಳಿದಳು, “ಹೆಗಲು ಅಂತ ಯಾಕ ಹೆಸರಿಟ್ರಿ ಸರ? ಹೆಣಾ ಹೊರಾಕ ಹೊಂಟೀರೇನು?”

“ಬಾಯಿ ಮುಚ್ಚ,” ಅಂದಳು ಶಾವಂತ್ರವ್ವ. “ಅವ ಓಡತಾನ, ನಾ ಮಲಗತೇನಿ. ಇದಕ್ಕಿಂತ ಛಲೋ ಕೆಲಸ ಯಾರಿಗೆ ಸಿಗತೈತಿ?”

“ನೀವು ಮಲಗೂದನ್ನ ನಾನೂ ನೋಡತೇನ್ರಿ ಅತ್ತಿ. ಮದಿವಿಯಾಗಿ ಬಂದು ಆರು ವರ್ಷಾತು, ಇನ್ನೂ ನೋಡಿಲ್ಲ.”

ಎಲ್ಲರೂ ನಕ್ಕೆವು.

ಮೊದಲ ದಿನ ಎಲ್ಲವೂ ಸರಿಯಾಗಿತ್ತು. ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ಹನ್ನೊಂದು ಚುಕ್ಕೆಗಳು ಕಂದು ಬಣ್ಣದ ನಕ್ಷೆಯಲ್ಲಿ ಸರಿಯುತ್ತಿದ್ದವು. ಬಿಸಿಲು ಏರಿದಾಗ ನಾಲ್ಕು ತಾಸು ಡೇರೆಯಲ್ಲಿ ಮಲಗಬೇಕೆಂಬುದು ನಿಯಮ. ಎಲ್ಲ ಚುಕ್ಕೆಗಳೂ ನಿಂತವು. ಅರ್ಧ ತಾಸಿಗೊಮ್ಮೆ ಮನೆಯವರಿಗೆ ಫೋನ್ ಮಾಡಿ ಅಂಕಿ ಕೇಳುವುದು ನನ್ನ ಕೆಲಸ.

“ಎಷ್ಟು ಯವ್ವಾ?”

“ಎರಡು.”

“ಮಲ್ಕೊಂಡೀರೇನು?”

“ಮಲ್ಕೊಂಡೇನಿ ತಮ್ಮಾ.”

ಅವಳ ಮಾತಿನ ಹಿಂದೆ ಪಟ್, ಪಟ್, ಪಟ್ ಎಂದು ಸಣ್ಣ ಸದ್ದು ಕೇಳುತ್ತಿತ್ತು. ಫೋನಿನ ದೋಷ ಅಂದುಕೊಂಡೆ. ಆದರೂ ಸಮಾಧಾನವಾಗದೆ ಎರಡು ಸಲ ತಂತಿ ಬದಲಿಸಿದೆ.

ಎರಡನೇ ದಿನ ಫಕ್ಕೀರೇಶ ಡೇರೆಯಲ್ಲಿ ನಲವತ್ತೇ ನಿಮಿಷ ಮಲಗಿ ಎದ್ದು ಹೊರಟ. ಉಳಿದವರಿಗಿಂತ ಎಪ್ಪತ್ತು ಕಿಲೋಮೀಟರ್ ಮುಂದಿದ್ದ. ಕೊಠಡಿಯಲ್ಲಿ ಎಲ್ಲರಿಗೂ ಹುರುಪು. ಅವನ ಕಿವಿಯ ಫೋನಿಗೆ ಮಾತಾಡಿದಾಗ ಅವನು ಒಂದೇ ದೂರು ಹೇಳಿದ.

“ಸರ, ಕೈ ಉರಿಯಾಕತ್ತಾವ. ಮೆಣಸಿನಕಾಯಿ ಮುಟ್ಟಿಧಂಗ. ಇಲ್ಲಿ ಡಾಕ್ಟರಿಗೆ ತೋರಿಸಿದೆ, ಏನೂ ಇಲ್ಲ ಅಂತಾರ.”

“ಬಿಸಿಲಿಗೆ ಇರಬೇಕು,” ಅಂದೆ. ಅಂದ ಮೇಲೆ, ನನಗೆ ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಹೇಳಿದೆನಲ್ಲ ಅನಿಸಿತು. ದಿನಚರಿಯ ಪುಸ್ತಕದಲ್ಲಿ ‘ಕೈ ಉರಿ, ಕಾರಣ ತಿಳಿಯದು’ ಎಂದು ಬರೆದಿಟ್ಟೆ.

ಮೂರನೇ ದಿನ ಅಲ್ಲಿ ಬಿಸಿಲು ಏರಿದಾಗ ಹತ್ತು ಚುಕ್ಕೆಗಳು ನಿಂತವು. ಹೆಡ್‌ಮಾಸ್ತರರ ಮೊಮ್ಮಗನಂತೂ ಡೇರೆಗೆ ಇನ್ನೂ ಒಂದು ಕಿಲೋಮೀಟರ್ ಇರುವಾಗಲೇ ಕೂತುಬಿಟ್ಟಿದ್ದ, ಗಾಡಿಯವರು ಹೋಗಿ ಕರೆತಂದರು. ಫಕ್ಕೀರೇಶ ಡೇರೆಯನ್ನು ನೋಡದವನಂತೆ ಅದರ ಪಕ್ಕದಿಂದಲೇ ಓಡಿ ಹೋದ. ನಾಲ್ಕುನೂರ ಹತ್ತು ಕಿಲೋಮೀಟರ್ ಆಗಿತ್ತು.

ಡಾಕ್ಟರ್ ಕುಮುದಿನಿ ಡ್ರೋನಿನ ಕ್ಯಾಮೆರಾವನ್ನು ಹತ್ತಿರ ತರಿಸಿದರು. ಪರದೆಯ ತುಂಬ ಬಿಳಿ ಮರಳು, ನಡುವೆ ಅವನೊಬ್ಬ. ಒಂದೇ ಹದದಲ್ಲಿ ಬೀಳುವ ಕಾಲು. ಬಲಗಾಲಿನ ಬೂಟಿನ ಬೆರಳ ಕಡೆ ಕಪ್ಪಗೆ ನೆನೆದಿತ್ತು, ಅದು ರಕ್ತ. ಮುಖದಲ್ಲಿ ನೋವಿಲ್ಲ, ಏನೂ ಇಲ್ಲ.

“ಗುರುಬಸು, ಅವನ ಕೈ ನೋಡ್ರಿ,” ಅಂದರು ಡಾಕ್ಟರು.

ಎರಡೂ ಕೈ ಎದೆಯ ಮುಂದೆ ಇದ್ದವು. ಎಡಗೈ ಗಾಳಿಯಿಂದ ಏನನ್ನೋ ಎತ್ತಿಕೊಳ್ಳುತ್ತಿತ್ತು. ಬಲಗೈಯ ಹೆಬ್ಬೆರಳು ತೋರುಬೆರಳು ಅದರ ತುದಿಯನ್ನು ಚಿವುಟಿ ಮುರಿದು ಬಿಸಾಡುತ್ತಿದ್ದವು. ಎತ್ತು, ಮುರಿ, ಬಿಸಾಡು. ಬರಿಗಾಳಿ. ಹತ್ತಾರು ಮೈಲಿ ಒಂದು ಹುಲ್ಲುಕಡ್ಡಿಯೂ ಇಲ್ಲದ ಕಡೆ ಅವನು ಓಡುತ್ತ ತೊಟ್ಟು ಮುರಿಯುತ್ತಿದ್ದ.

ನಾನು ಮೈಕಿನಲ್ಲಿ ಕರೆದೆ. “ಫಕ್ಕೀರೇಶ, ನಿಲ್ಲು. ಹಿಂದ ಡೇರೆ ಐತಿ, ತಿರುಗು.”

 ಉಸಿರಿನ ನಡುವೆ ಅವನ ದನಿ ಬಂತು.

“ಏನಿಲ್ಲ ಬಿಡು. ಎರಡು ಅಂತ ಬರ್ಕೊ ತಮ್ಮಾ.”

ನನ್ನನ್ನು ಅವನು ಯಾವತ್ತೂ ಸರ ಅಂತಲೇ ಕರೆಯುತ್ತಿದ್ದವನು. ಅಂಕಿಯ ವಿಷಯ ಓಟಗಾರರಿಗೆ ನಾವು ಹೇಳಿಯೇ ಇರಲಿಲ್ಲ.

ಹಿಂದೆಯೇ ಬರುತ್ತಿದ್ದ ಗಾಡಿಯಲ್ಲಿದ್ದ ವೈದ್ಯರು ಮತ್ತು ಇಬ್ಬರು ಇಳಿದು ಅವನನ್ನು ಹಿಡಿದು ನಿಲ್ಲಿಸಿದರು. ಹಿಡಿದಲ್ಲೇ ಕಾಲುಗಳು ಓಡುತ್ತಿದ್ದವು. ಎದೆಬಡಿತ ಇನ್ನೂರ ಹನ್ನೆರಡಕ್ಕೆ ಏರಿತು. “ಬಿಡ್ರಿ, ಬಿಡ್ರಿ ಅವನ್ನ” ಅಂದರು ಡಾಕ್ಟರ್ ಕುಮುದಿನಿ. ಬಿಟ್ಟ ಕೂಡಲೇ ಇಳಿಯಿತು. ಅವನು ಮತ್ತೆ ಓಡಿದ.

“ಅಲ್ಲಿಂದ ನಿಲ್ಲಿಸಾಕ ಆಗೂದಿಲ್ಲ,” ಅಂದರು. ಅವರ ಮುಖ ಬೂದಿಯಾಗಿತ್ತು. “ಅವಳೇ ಸಾಕು ಅನ್ನಬೇಕು. ನೀವು ಹೋಗ್ರಿ.”

ಬ್ಯಾಡಗಿ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಕಸ್ತೂರಿ ಬಾಗಿಲಲ್ಲೇ ನಿಂತಿದ್ದಳು.

“ನಿಮ್ಮ ಯಂತ್ರಾ ತಗೊಂಡು ಹೋಗ್ರಿ ಸರ. ಮೂರು ದಿನಾತು, ಅತ್ತಿ ಮಲಗಿಲ್ಲ.”

“ಫೋನಿನ್ಯಾಗ ಮಲ್ಕೊಂಡೇನಿ ಅಂದ್ರಲ್ಲ?”

“ಫೋನಿನ್ಯಾಗ ಎಲ್ಲಾರೂ ಮಲ್ಕೊಂಡಿರತಾರ.”

ನಾವು ಕೊಟ್ಟಿದ್ದ ಮಂಚ ಪಡಸಾಲೆಯಲ್ಲಿ ಹಾಸಿಗೆ ಸುಕ್ಕಾಗದೆ ಹಾಗೇ ಇತ್ತು. ಅದರ ಪಕ್ಕದ ನೆಲದಲ್ಲಿ ಶಾವಂತ್ರವ್ವ ಮೆಣಸಿನಕಾಯಿ ರಾಶಿಯ ಮುಂದೆ ಕೂತಿದ್ದಳು. ಎತ್ತು, ಮುರಿ, ಬಿಸಾಡು. ಪಟ್, ಪಟ್. ಚಾಚಿದ ಕಾಲಿನ ಹಿಮ್ಮಡಿಗಳು ಒಂದಾದ ಮೇಲೊಂದು ನೆಲಕ್ಕೆ ಬಡಿಯುತ್ತಿದ್ದವು. ನನ್ನ ಮೊಬೈಲಿನ ಪರದೆಯಲ್ಲಿ ಫಕ್ಕೀರೇಶನ ಹೆಜ್ಜೆಗೊಮ್ಮೆ ಮಿಣುಕುವ ಒಂದು ದೀಪವಿತ್ತು. ದೀಪ, ಹಿಮ್ಮಡಿ, ದೀಪ, ಹಿಮ್ಮಡಿ. ನಡುವೆ ಕೂದಲೆಳೆಯಷ್ಟೂ ಅಂತರವಿರಲಿಲ್ಲ.

“ಬಾ ತಮ್ಮಾ,” ಅಂದಳು. ನಾಲಿಗೆಯನ್ನು ಸೆರಗಿನ ತುದಿಯಿಂದ ಒರೆಸಿಕೊಂಡಳು. “ಬಾಯಾಗೆಲ್ಲಾ ಉಸುಕು ನೋಡು.”

“ಮುಂಜಾನಿಂದ ನಾಕು ಸಲ ಕಸಾ ಹೊಡದಾರ,” ಅಂದಳು ಕಸ್ತೂರಿ. “ಎಲ್ಲಿ ಉಸುಕೂ ಇಲ್ಲ.”

ನಾನು ಎದುರು ಕೂತೆ. “ಯವ್ವಾ, ಮಲಗಬೇಕು ಅಂತ ಹೇಳಿದ್ವೆಲ್ಲ. ಯಾಕ ಮಲಗಲಿಲ್ಲ?”

“ನಡಿಯೋರು ಹಾದ್ಯಾಗ ಇದ್ದಾಗ ಮನ್ಯಾಗಿನ ಹೆಣಮಗಳು ನೆಲಕ್ಕ ಬೆನ್ನು ಹಚ್ಚಬಾರದು. ಕಾಲು ಸೋಲತಾವ ಅವರವು. ಫಕ್ಕೀರೇಶನ ಅಪ್ಪ ಹದಿನಾಕು ವರ್ಷ ಶ್ರೀಶೈಲಕ್ಕ ನಡದ. ಅವ ಮುಟ್ಟೂತನಾ ನಾ ಒಂದು ಸಲಾನೂ ಬೆನ್ನು ಹಚ್ಚಲಿಲ್ಲ. ಅವನ ಅಂಗಾಲಾಗ ಒಂದು ಗುಳ್ಳಿ ಎದ್ದಿದ್ದಿಲ್ಲ.” ಕೈ ನಿಲ್ಲಲಿಲ್ಲ. “ನೀವು ಓದಿದವರು, ಹೇಳಿದ್ರ ಬ್ಯಾಸರಾ ಮಾಡ್ಕೋತೀರಿ ಅಂತ ಹೂಂ ಅಂದೆ.”

ನಾನು ಬಿಡಿಸಿ ಹೇಳಿದೆ. ಇದು ಆ ನಡಿಗೆಯ ಹಾಗಲ್ಲ, ಅವನ ದಣಿವು ನಿಮ್ಮ ಹತ್ತಿರ ಬರುತ್ತಿದೆ, ನೀವು ಸಾಕು ಅನ್ನದೆ ಇದ್ದರೆ ಅವನು ನಿಲ್ಲುವುದಿಲ್ಲ, ಹೀಗೇ ಓಡಿದರೆ ಅವನ ಎದೆ ಒಡೆಯುತ್ತದೆ. ಅವಳು ಕೇಳಿಸಿಕೊಂಡಳು. ಹೆದರಿದಳು ಕೂಡ, ಕಣ್ಣಲ್ಲಿ ಕಂಡಿತು.

“ಹಂಗಾರ ಹತ್ತು ಅಂತ ಬರ್ಕೊ.”

ಬರೆದೆ. ದೀಪ ಮಿಣುಕುವ ವೇಗ ಬದಲಾಗಲಿಲ್ಲ.

“ಹದಿನೈದು. ಇಪ್ಪತ್ತು ಬರಿ. ಸಾಕು ಅಂತ ಬರಿ.”

ಏನೂ ಬದಲಾಗಲಿಲ್ಲ. ಯಂತ್ರಕ್ಕೆ ಬೇಕಾದದ್ದು ಬಾಯಿಮಾತಾಗಿರಲಿಲ್ಲ. ಕಸ್ತೂರಿ ಮೆಣಸಿನಕಾಯಿ ರಾಶಿಯನ್ನು ಆಚೆ ಸರಿಸಿದಳು. ಶಾವಂತ್ರವ್ವನ ಕೈ ಖಾಲಿ ನೆಲದಿಂದ ಎತ್ತಿ, ಮುರಿದು, ಬಿಸಾಡತೊಡಗಿತು. ಇಬ್ಬರೂ ಹಿಡಿದು ಮಂಚದ ಮೇಲೆ ಮಲಗಿಸಿದೆವು. ಹಿಮ್ಮಡಿಗಳು ಹಾಸಿಗೆಯನ್ನು ಬಡಿದವು. ಬೆನ್ನು ಮಾತ್ರ ಹಾಸಿಗೆಗೆ ತಾಗದ ಹಾಗೆ ಬಿಲ್ಲಿನಂತೆ ಎದ್ದು ನಿಂತಿತ್ತು.

ಹಾಗೇ ಮಲಗಿ ಅವಳು ನನ್ನನ್ನು ಕೇಳಿದಳು, “ತಮ್ಮಾ, ದಣಿವಂದ್ರ ಹ್ಯಾಂಗಿರತೈತಿ?”

ನನ್ನ ಉತ್ತರಕ್ಕೆ ಕಾಯದೆ ಅವಳೇ ಮುಂದುವರಿಸಿದಳು.

“ನನ್ನ ಯಾರೂ ಕೇಳಿದ್ದಿಲ್ಲ. ನೀ ಕೇಳಿದೆ, ಏನಾರ ಹೇಳಬೇಕಲ್ಲ ಅಂತ ಎರಡು ಅಂದೆ. ನನ್ನ ಮುಂದ ಆ ಮಾಸ್ತರ ಹದಿನೇಳು ಅಂದಾಗ ನೀವೆಲ್ಲಾ ನಕ್ರೆಲ್ಲ. ಹಂಗ ಅನ್ನಬಾರದೇನೋ ಅಂದ್ಕೊಂಡೆ.”

ಕಸ್ತೂರಿ ನನ್ನ ಮುಖ ನೋಡಿದಳು. ನಾನು ಮೊಬೈಲ್ ನೋಡಿದೆ. ಡಾಕ್ಟರ್ ಕುಮುದಿನಿಯವರ ಕರೆ ಬರುತ್ತಿತ್ತು. ಅಂಗಳಕ್ಕೆ ಬಂದು ಎತ್ತಿಕೊಂಡೆ.

“ಎದೆಬಡಿತ ತಪ್ಪಾಕ ಹತ್ತೇದ. ಇನ್ನೊಂದು ತಾಸು ಅಂತಾರ ಅಲ್ಲಿನವರು. ಏನಾತ್ರಿ ಅಲ್ಲಿ?”

ಬೆನ್ನು ಹಚ್ಚದ ವ್ರತದ ಮಾತು ಹೇಳಿದೆ.  ಅವರು ಕೇಳಿದರು, “ಮುಟ್ಟಿದ ಮ್ಯಾಲೆ ಮಲಗಬಹುದಲ್ಲ? ಮುಟ್ಯಾನ ಅಂತ ಹೇಳ್ರಿ.”

“ಮೇಡಂ, ಇನ್ನೂ ಇನ್ನೂರು ಕಿಲೋಮೀಟರ್ ಐತಿ.”

“ಗೊತ್ತದ ನನಗ.”

ಕೇಳಬೇಕಾದದ್ದನ್ನು ಕೇಳದೆ ಸುಳ್ಳು ಅಂಕಿ ಬರೆದವನು ನಾನು. ಈಗ ಗೊತ್ತಿದ್ದೂ ಇನ್ನೊಂದು ಸುಳ್ಳನ್ನು ಅವಳ ಕಣ್ಣು ನೋಡಿ ಹೇಳಬೇಕಿತ್ತು. ಅವಳು ನಂಬಿ ಮಲಗಿದ ಮೇಲೂ ಅವನು ಉಳಿಯದಿದ್ದರೆ? ಮಗ ಸತ್ತದ್ದು ತಾನು ಬೆನ್ನು ಹಚ್ಚಿದ್ದಕ್ಕೇ ಅಂತ ಅವಳು ಸಾಯುವವರೆಗೆ ನಂಬುತ್ತಾಳೆ. ಅಂಗಳದಲ್ಲಿ ಎರಡು ನಿಮಿಷ ನಿಂತೆ. ಅಷ್ಟು ನಿಂತದ್ದೂ ತಪ್ಪೇ.

ಒಳಗೆ ಹೋಗಿ ಹೇಳಿದೆ, “ಯವ್ವಾ, ಫಕ್ಕೀರೇಶ ಮುಟ್ಟಿದ.”

ಅವಳು ತಲೆ ಎತ್ತಿದಳು. “ನೀ ನೋಡಿದೇನು?”

“ನೋಡಿದೆ. ಮೊಬೈಲಿನ್ಯಾಗ ತೋರಿಸಿದ್ರು.”

“ಅಂಗಾಲಾಗ ಗುಳ್ಳಿ?”

“ಒಂದೂ ಇಲ್ಲ.”

ಅವಳು ಬಹಳ ಹೊತ್ತು ನನ್ನನ್ನೇ ನೋಡಿದಳು. ನಂಬಿದಳೋ, ನಂಬಬೇಕೆಂದು ತೀರ್ಮಾನಿಸಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಮಂಚದಿಂದ ಇಳಿದಳು. ಮೂಲೆಯಲ್ಲಿದ್ದ ಖಾಲಿ ಚೀಲವನ್ನು ಕೊಡವಿ ನೆಲಕ್ಕೆ ಹಾಸಿದಳು. ಮೊದಲು ಕೂತಳು, ಒಂದು ಕೈ ಊರಿದಳು, ಆಮೇಲೆ ನೀರಿಗಿಳಿಯುವವರ ಹಾಗೆ ನಿಧಾನವಾಗಿ ಬೆನ್ನನ್ನು ನೆಲಕ್ಕೆ ಹಚ್ಚಿದಳು.

ಹಿಮ್ಮಡಿಗಳು ನಿಂತವು.

ಮೊಬೈಲಿನ ದೀಪ ತಡೆತಡೆದು ಮಿಣುಕಿತು. ಕೊಠಡಿಯಿಂದ ಡಾಕ್ಟರ್ ಕುಮುದಿನಿ ಒಂದೊಂದಾಗಿ ಹೇಳುತ್ತಿದ್ದರು: ಓಟ ನಿಂತಿತು, ನಡೀತಾ ಇದ್ದಾನ, ಕೂತ. ಮರಳಿನ ಮ್ಯಾಲೆ ಮಲಗಿದ. ಬಡಿತ ನೂರಾ ಮೂವತ್ತು. ನೂರು. ಎಂಬತ್ತೆಂಟು. ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. ಕಸ್ತೂರಿ ಬಾಗಿಲ ಚೌಕಟ್ಟಿಗೆ ಒರಗಿ, ಬಾಯಿಗೆ ಸೆರಗು ಒತ್ತಿ ಹಿಡಿದಳು.

ಚಪ್ಪಾಳೆ ನಿಂತುಹೋಯಿತು.

“ಗುರುಬಸು,” ಅಂದರು ಡಾಕ್ಟರು, “ಗೆರಿ ತಿರುಗೇದ.”

ದಣಿವು ಹರಿಯುವ ದಿಕ್ಕನ್ನು ತೋರಿಸುತ್ತ, ಕೊಠಡಿಯ ಪರದೆಯ ಮೇಲೆ ಮರಳುಗಾಡಿನಿಂದ ಬ್ಯಾಡಗಿಗೆ ಬರುತ್ತಿದ್ದ ಗೆರೆಯದು. ಈಗ ಅದು ಬ್ಯಾಡಗಿಯಿಂದ ಅಲ್ಲಿಗೆ ಹೋಗುತ್ತಿತ್ತು. ದಣಿವು ನೀರಿನ ಹಾಗೆ, ಹೆಚ್ಚಿದ್ದ ಕಡೆಯಿಂದ ಕಡಿಮೆ ಇದ್ದ ಕಡೆಗೆ ಹರಿಯುತ್ತದೆ. ಓಡುವವನಲ್ಲೇ ಯಾವಾಗಲೂ ಹೆಚ್ಚು ಅಂತ ನಾವು ಲೆಕ್ಕ ಹಾಕಿದ್ದೆವು. ಮಲಗಿದವರಲ್ಲಿ ಅದಕ್ಕಿಂತ ಹೆಚ್ಚಿದ್ದರೆ ಏನು ಅಂತ ಯಾರೂ ಪರೀಕ್ಷೆ ಮಾಡಿರಲಿಲ್ಲ. ಅವನು ತನ್ನ ದಣಿವನ್ನು ಕಳಿಸುತ್ತಿದ್ದಷ್ಟು ಹೊತ್ತೂ ಅವಳು ತನ್ನ ದಣಿವು ಹೊರಬೀಳದಂತೆ ಬಾಗಿಲು ಒತ್ತಿ ಹಿಡಿದಿದ್ದಳು. ಈಗ ಬಿಟ್ಟಿದ್ದಳು.

“ಅವ ಅಳಾಕತ್ಯಾನ,” ಅಂದರು. “ದನಿ ಇಲ್ಲ. ರೆಪ್ಪಿ ಎತ್ತಾಕ ಆಗವಲ್ದು ಅವಗ.”

ನಾನು ಶಾವಂತ್ರವ್ವನ ಕಡೆ ತಿರುಗಿದೆ. ಅವಳಿಗೆ ನಿದ್ದೆ ಬಂದಿತ್ತು. ಹಣೆಯ ಗೆರೆಗಳು ಒಂದೊಂದಾಗಿ ಮಾಯವಾಗುತ್ತಿದ್ದವು, ಯಾರೋ ಬೆರಳಿನಿಂದ ಒರೆಸಿದ ಹಾಗೆ. ಬಾಯಿ ಸ್ವಲ್ಪ ತೆರೆದುಕೊಂಡಿತು. ಐವತ್ತೆಂಟರ ಮುಖದ ಕೆಳಗಿನಿಂದ ಯಾರದೋ ಎಳೆಯ ಮುಖ ಮೇಲೆ ಬರುತ್ತಿತ್ತು. ಕಸ್ತೂರಿ ಹತ್ತಿರ ಬಂದು ನೋಡಿ, ಎರಡು ಹೆಜ್ಜೆ ಹಿಂದೆ ಸರಿದಳು.

“ಇದು ನಮ್ಮ ಅತ್ತಿ ಮಾರಿ ಅಲ್ಲರಿ ಸರ.”

ಫಕ್ಕೀರೇಶನನ್ನು ಅಲ್ಲಿಯ ಆಸ್ಪತ್ರೆಗೆ ಸೇರಿಸಿದರು. ಓಟದ ದಣಿವು ಅವನ ರಕ್ತದಿಂದ ಎರಡೇ ದಿನಕ್ಕೆ ಇಳಿಯಿತು. ಕಾಲಿನ ಗಾಯ ಮಾಯತೊಡಗಿತು. ಆದರೂ ಅವನು ಏಳಲಿಲ್ಲ. ಒಂಬತ್ತನೇ ದಿನ ಬೆಳಿಗ್ಗೆ ಕಣ್ಣು ಬಿಟ್ಟ ಅಂತ ಸುದ್ದಿ ಬಂತು. ಇನ್ನು ಬಿಲ್ಲೆ ತೆಗೆದರೆ ಅಪಾಯವಿಲ್ಲ, ಅವನ ಒಪ್ಪಿಗೆ ಕೇಳ್ರಿ ಎಂದು ಡಾಕ್ಟರ್ ಕುಮುದಿನಿ ನನ್ನನ್ನು ಪರದೆಯ ಮುಂದೆ ಕೂರಿಸಿದರು.

 ದಿಂಬಿನ ಮೇಲೆ ಶಾವಂತ್ರವ್ವನ ಮುಖವಿತ್ತು. ಅದೇ ಗೆರೆಗಳು, ಅದೇ ಕುಸಿದ ಕೆನ್ನೆ.

“ಫಕ್ಕೀರೇಶ, ಬಿಲ್ಲೆ ತಗದ್ರ ನಿನ್ನ ದಣಿವೆಲ್ಲಾ ಹೋಗತೈತಿ. ಹೂಂ ಅಂದ್ರ ಸಾಕು.”

ಅವನ ತುಟಿ ಅಲುಗುವುದಕ್ಕೆ ಬಹಳ ಹೊತ್ತು ಹಿಡಿಯಿತು.

“ಸರ, ಇದು ನಂದಲ್ಲ. ನಾ ಇಷ್ಟು ಓಡಿಲ್ಲ.”

“ಗೊತ್ತೈತಿ.”

“ಅವ್ವ ಎದ್ದಾಳೇನ್ರಿ?”

“ಇಲ್ಲ. ಕಸ್ತೂರಿ ಗಂಜಿ ಕುಡಸತಾಳ. ಕುಡದು ಮತ್ತ ಮಲಗತಾಳ.”

“ನಾ ತಗದ್ರ ಇದು ಎಲ್ಲಿ ಹೋಗತೈತಿ?”

ಪಕ್ಕದಲ್ಲಿ ಡಾಕ್ಟರಿದ್ದರು.  ನಾನು ಗೆರೆಯನ್ನು ನೋಡಿದೆ. ಒಂಬತ್ತು ದಿನ ಹರಿದರೂ ಅದು ಮೊದಲ ದಿನದಷ್ಟೇ ದಪ್ಪಗಿತ್ತು.

“ತಿರುಗಿ ಅಕಿ ಕಡಿಗೆ,” ಅಂದೆ. “ಇನ್ನೂ ಭಾಳ ಐತಿ. ಎಷ್ಟು ಅಂತ ನಮಗೂ ಗೊತ್ತಿಲ್ಲ.”

ಅವನು ಕಣ್ಣು ಮುಚ್ಚಿಕೊಂಡ. ನಿದ್ದೆ ಬಂತೇನೋ ಎಂದುಕೊಂಡು ಪರದೆ ಆರಿಸಲು ಕೈ ಚಾಚಿದೆ.

“ಇರಲಿ ಬಿಡ್ರಿ,” ಅಂದ. “ಅಕಿನ್ನ ಎಬ್ಬಿಸಬ್ಯಾಡ್ರಿ.”